ಆಲ್ಪೈನ್ ಲಿನಕ್ಸ್: 'ಎಪಿಕೆ ಆಡ್' ಕೊಟ್ಟಾಗ ಬರುವ 'ವರ್ಲ್ಡ್' ಎಂಬ ದೋಷಸಂದೇಶದ ಅರ್ಥವೇನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಇದೆ. ಉಬುಂಟು ಅದಕ್ಕೆ ತೀರಾ ಭಾರವಾಗುತ್ತಿದ್ದುದರಿಂದ ಕಳೆದ ವಾರ ಪೆನ್ ಡ್ರೈವ್‌ನಿಂದ ಆಲ್ಪೈನ್ ಲಿನಕ್ಸ್ ಆರಂಭಿಸಿ, 'ಸೆಟಪ್-ಆಲ್ಪೈನ್' ಕೇಳಿದ ಪ್ರಶ್ನೆಗಳಿಗೆ ತಿಳಿದಷ್ಟು ಉತ್ತರ ಕೊಟ್ಟು ಬಳಸಲು ತೊಡಗಿದ್ದೇನೆ. ಯಂತ್ರ ಈಗ ಬಹಳ ಚುರುಕಾಗಿದೆ. ತೊಡಕಾಗಿರುವುದು ಪ್ಯಾಕೇಜ್‌ಗಳ, ಅಂದರೆ ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ಪ್ರೋಗ್ರಾಂಗಳ ವಿಷಯದಲ್ಲಿ. ಅವನ್ನು ಹಾಕಲು, ತೆಗೆಯಲು ಆಲ್ಪೈನ್‌ನಲ್ಲಿರುವ ಸಾಧನವೇ 'ಎಪಿಕೆ'.

ಧ್ವನಿಮುದ್ರಿಕೆಗಳ ಫೈಲ್ ಸ್ವರೂಪ ಬದಲಿಸಲು ಎಫ್‌ಎಫ್‌ಎಂಪೆಗ್ ಬೇಕಾಗಿತ್ತು. ರೂಟ್ ಆಗಿ ಲಾಗಿನ್ ಆಗಿ 'ಎಪಿಕೆ ಆಡ್ ಎಫ್‌ಎಫ್‌ಎಂಪೆಗ್' ಎಂದು ಕೊಟ್ಟರೆ ಮೂರು ಸಾಲುಗಳ ದೋಷ ಬರುತ್ತದೆ: ಪ್ಯಾಕೇಜ್‌ಗಳನ್ನು ಆಯ್ಕೆಮಾಡಲಾಗಲಿಲ್ಲ, ಎಫ್‌ಎಫ್‌ಎಂಪೆಗ್ ಎಂಬ ಪ್ಯಾಕೇಜ್ ಇಲ್ಲ, ಅದನ್ನು ಬಯಸಿದ್ದು ವರ್ಲ್ಡ್. ಮೊದಲೆರಡು ಸಾಲು ಅರ್ಥವಾಗುತ್ತವೆ, ಆದರೆ ಬಯಸಿದ್ದು ನಾನಲ್ಲವೇ, ಈ 'ವರ್ಲ್ಡ್' ಯಾರು? 'ಎಪಿಕೆ ಅಪ್‌ಡೇಟ್' ತಕರಾರಿಲ್ಲದೆ ಮುಗಿಯುತ್ತದೆ, ಗಿಟ್ ಕೂಡ ಸಲೀಸಾಗಿ ಇನ್‌ಸ್ಟಾಲ್ ಆಯಿತು.

ಬೇರೆ ದಾರಿ ಕಾಣದೆ, ಲಿನಕ್ಸ್‌ಗೆಂದು ಸಿದ್ಧಪಡಿಸಿದ ಇನ್ನೊಂದು ಪ್ರೋಗ್ರಾಂ ಅನ್ನು ನೇರವಾಗಿ ಡೌನ್‌ಲೋಡ್ ಮಾಡಿ, ಓಡಿಸುವ ಅನುಮತಿಯನ್ನೂ ಕೊಟ್ಟು ಓಡಿಸಿ ನೋಡಿದೆ. 'ಸಿಗಲಿಲ್ಲ' ಎಂದಷ್ಟೇ ಉತ್ತರ ಬಂತು. 'ಎಲ್‌ಎಸ್' ಕೊಟ್ಟರೆ ಅದೇ ಫೈಲ್ ಕಣ್ಣೆದುರಿಗೇ ಇದೆ. ಎಡ್ಜ್ ರೆಪೊಸಿಟರಿ (ಇನ್ನೂ ಅಭಿವೃದ್ಧಿಯಲ್ಲಿರುವ ಆವೃತ್ತಿಯ ಪ್ಯಾಕೇಜ್ ಸಂಗ್ರಹ) ಸೇರಿಸಿಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ಒಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಬಹುದೇ?

ಉತ್ತರ 1

ಎಡ್ಜ್ ಸೇರಿಸುವ ಅಗತ್ಯವಿಲ್ಲ, ದಯವಿಟ್ಟು ಈಗಲೇ ಅದಕ್ಕೆ ಕೈಹಾಕಬೇಡಿ. ನಿಮಗೆ ಬೇಕಾದ ಪ್ಯಾಕೇಜ್ ಸ್ಥಿರ ಆವೃತ್ತಿಯಲ್ಲೇ ಇದೆ. ಅದಿರುವ ರೆಪೊಸಿಟರಿಯ ಬಾಗಿಲು ಮಾತ್ರ ನಿಮ್ಮ ಯಂತ್ರದಲ್ಲಿ ಮುಚ್ಚಿದೆ.

ಆಲ್ಪೈನ್‌ನ ಪ್ಯಾಕೇಜ್‌ಗಳು 'ಮೇನ್' ಮತ್ತು 'ಕಮ್ಯುನಿಟಿ' ಎಂಬ ಎರಡು ರೆಪೊಸಿಟರಿಗಳಲ್ಲಿ ಹಂಚಿಕೊಂಡಿವೆ. ಗಿಟ್ ಇರುವುದು ಮೇನ್‌ನಲ್ಲಿ, ಎಫ್‌ಎಫ್‌ಎಂಪೆಗ್ ಇರುವುದು ಕಮ್ಯುನಿಟಿಯಲ್ಲಿ. '/ಇಟಿಸಿ/ಎಪಿಕೆ/ರೆಪೊಸಿಟರೀಸ್' ಎಂಬ ಫೈಲನ್ನು 'ವಿಐ' ಪಠ್ಯ ಸಂಪಾದಕದಲ್ಲಿ ತೆರೆದರೆ ಕಮ್ಯುನಿಟಿ ಎಂದು ಕೊನೆಗೊಳ್ಳುವ ಸಾಲಿನ ಮುಂದೆ ಹ್ಯಾಷ್ ಚಿಹ್ನೆ ಇರುವುದು ಕಾಣುತ್ತದೆ. ಅದನ್ನು ಅಳಿಸಿ, ಉಳಿಸಿ, 'ಎಪಿಕೆ ಅಪ್‌ಡೇಟ್' ಕೊಟ್ಟು ಮತ್ತೆ ಪ್ರಯತ್ನಿಸಿ. ಅಪ್‌ಡೇಟ್ ಮೊದಲೇ ತಕರಾರಿಲ್ಲದೆ ಮುಗಿದದ್ದು ಸಹಜವೇ, ಏಕೆಂದರೆ ತೆರೆದಿರುವ ರೆಪೊಸಿಟರಿಗಳ ಸೂಚಿಯನ್ನಷ್ಟೇ ಅದು ತರುತ್ತದೆ. ಮುಚ್ಚಿದ್ದು ಅದರ ಲೆಕ್ಕಕ್ಕೇ ಬರುವುದಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಿ: ಸುಮಾರು ಆರು ತಿಂಗಳಿಗೊಮ್ಮೆ ಹೊಸ ಸ್ಥಿರ ಆವೃತ್ತಿ ಬರುತ್ತದೆ, ಮೇನ್‌ಗೆ 2 ವರ್ಷ ಬೆಂಬಲವಿದ್ದರೆ, ಕಮ್ಯುನಿಟಿಗೆ ಮುಂದಿನ ಸ್ಥಿರ ಆವೃತ್ತಿ ಬರುವವರೆಗೆ ಮಾತ್ರ.

ಇನ್ನು 'ವರ್ಲ್ಡ್'. ನೀವು ಕೇಳಿದ ಪ್ರಶ್ನೆಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಇದೇ. ಅದೇ ಎಪಿಕೆ ಡೈರೆಕ್ಟರಿಯಲ್ಲಿ 'ವರ್ಲ್ಡ್' ಎಂಬ ಪುಟ್ಟ ಪಠ್ಯ ಫೈಲ್ ಇದೆ. 'ಕ್ಯಾಟ್' ಕಮಾಂಡ್ ಕೊಟ್ಟು ಓದಿ ನೋಡಿ. ನೀವಾಗಿ ಕೇಳಿ ಪಡೆದ ಪ್ಯಾಕೇಜ್‌ಗಳ ಹೆಸರು ಸಾಲಿಗೊಂದರಂತೆ ಅಲ್ಲಿರುತ್ತದೆ, ಗಿಟ್ ಕೂಡ ಇರುತ್ತದೆ, ಆದರೆ ಗಿಟ್‌ನ ಬೆನ್ನಿಗೆ ಬಂದ ಲೈಬ್ರರಿಗಳು ಇರುವುದಿಲ್ಲ. 'ಆಡ್' ಎಂದರೆ ಆ ಪಟ್ಟಿಗೆ ಒಂದು ಹೆಸರು ಸೇರಿಸು ಎಂದರ್ಥ. ಆಮೇಲೆ ಪಟ್ಟಿಯ ಎಲ್ಲ ಹೆಸರುಗಳೂ ಈಡೇರಬೇಕಾದರೆ ಯಂತ್ರದಲ್ಲಿ ಏನೇನಿರಬೇಕು ಎಂಬುದನ್ನು ಎಪಿಕೆ ಲೆಕ್ಕಹಾಕಿ, ಇಲ್ಲದ್ದನ್ನು ತರುತ್ತದೆ, ಬೇಡವಾದದ್ದನ್ನು ತೆಗೆಯುತ್ತದೆ. ಲೆಕ್ಕ ಕೂಡದಿದ್ದರೆ ಏನನ್ನೂ ಮುಟ್ಟದೆ, ಪಟ್ಟಿಯಲ್ಲಿ ಬಯಸಿದ ಈ ಹೆಸರು ಎಲ್ಲಿಯೂ ಸಿಗಲಿಲ್ಲ ಎನ್ನುತ್ತದೆ. ನೀವು ಕಂಡ ಮೂರನೆಯ ಸಾಲಿನ ಅರ್ಥ ಅಷ್ಟೇ.

ಇದು ಮನಸ್ಸಿಗೆ ಹತ್ತಿದರೆ ಆಲ್ಪೈನ್‌ನ ಉಳಿದ ನಡವಳಿಕೆಗಳೂ ತಾವಾಗಿ ಅರ್ಥವಾಗುತ್ತವೆ. 'ಎಪಿಕೆ ಡೆಲ್ ಗಿಟ್' ಕೊಟ್ಟರೆ ಗಿಟ್ ಜೊತೆಗೆ ಅದಕ್ಕಾಗಿಯೇ ಬಂದಿದ್ದ ಲೈಬ್ರರಿಗಳೂ ಹೋಗುತ್ತವೆ. ಉಬುಂಟುವಿನ 'ಆಟೋರಿಮೂವ್'ನಂತಹ ಎರಡನೆಯ ಹೆಜ್ಜೆ ಇಲ್ಲಿ ಬೇಕಿಲ್ಲ. ಕೆಲವೊಮ್ಮೆ 'ಡೆಲ್' ಕೊಟ್ಟರೂ ಪ್ಯಾಕೇಜ್ ಉಳಿದು, ವರ್ಲ್ಡ್ ಬದಲಾಗಿದೆ, ಆದರೆ ಇಂತಿಂಥ ಕಾರಣಕ್ಕೆ ಇವನ್ನು ತೆಗೆದಿಲ್ಲ ಎಂಬ ಸಂದೇಶ ಬರುತ್ತದೆ. ಪಟ್ಟಿಯಿಂದ ಹೆಸರು ಹೋಯಿತು, ಆದರೆ ಪಟ್ಟಿಯಲ್ಲಿರುವ ಮತ್ತೊಂದಕ್ಕೆ ಅದು ಬೇಕಾಗಿದೆ ಎಂದು ತಿಳಿಯಿರಿ. ಯಾವುದೇ ಬದಲಾವಣೆಗೆ ಮುನ್ನ ಅದರ ಪರಿಣಾಮ ನೋಡಬೇಕೆಂದರೆ 'ಎಪಿಕೆ ಆಡ್ -ಎಸ್' ಎಂದು ಕೊಟ್ಟು ಪ್ಯಾಕೇಜ್ ಹೆಸರು ಬರೆಯಿರಿ. ಏನೇನು ಬರುತ್ತದೆ, ಹೋಗುತ್ತದೆ ಎಂದು ತೋರಿಸುತ್ತದೆ, ನಿಜವಾಗಿ ಏನನ್ನೂ ಮಾಡುವುದಿಲ್ಲ.

ಎಡ್ಜ್ ಬೇಡವೆಂದದ್ದು ಅನುಭವದಿಂದ. ನಾನು ಹಿಂದೊಮ್ಮೆ ಒಂದೇ ಒಂದು ಪ್ಯಾಕೇಜ್‌ಗಾಗಿ ಎಡ್ಜ್‌ನ ಸಾಲುಗಳನ್ನು ಸೇರಿಸಿ, ತೆಗೆಯಲು ಮರೆತು, ಮರುದಿನ 'ಎಪಿಕೆ ಅಪ್‌ಗ್ರೇಡ್' ಕೊಟ್ಟೆ; ಹೊಸ ಆವೃತ್ತಿ ಸಿಕ್ಕ ಪ್ಯಾಕೇಜ್‌ಗಳೆಲ್ಲ ಎಡ್ಜ್‌ಗೆ ಹಾರಿದ್ದವು. ಆ ಸಾಲುಗಳನ್ನು ತೆಗೆದು 'ಅಪ್‌ಗ್ರೇಡ್'ಗೆ 'ಅವೈಲಬಲ್' ಆಯ್ಕೆ ಸೇರಿಸಿ ಓಡಿಸಿದ ಮೇಲೆಯೇ ಹಳೆಯ ಆವೃತ್ತಿಗಳು ಮರಳಿದ್ದು. ಎಡ್ಜ್‌ನಲ್ಲಿ ಮಾತ್ರ ಇರುವ 'ಟೆಸ್ಟಿಂಗ್' ರೆಪೊಸಿಟರಿಯ ಪ್ಯಾಕೇಜ್ ಮುಂದೆ ಬೇಕೇ ಬೇಕಾದರೆ, ಆ ಸಾಲಿನ ಆರಂಭದಲ್ಲಿ '@ಟೆಸ್ಟಿಂಗ್' ಎಂಬ ಗುರುತು ಹಾಕಿ, ಪ್ಯಾಕೇಜ್ ಹೆಸರಿನ ಕೊನೆಗೂ ಅದೇ ಗುರುತು ಸೇರಿಸಿ ಕೇಳಿ. ಗುರುತು ಹಾಕಿ ಕೇಳಿದ್ದು ಮತ್ತು ಅದಕ್ಕೆ ಅನಿವಾರ್ಯವಾದದ್ದು ಮಾತ್ರ ಅಲ್ಲಿಂದ ಬರುತ್ತದೆ.

ಉತ್ತರ 2

ಕಣ್ಣೆದುರಿಗಿರುವ ಫೈಲ್ 'ಸಿಗಲಿಲ್ಲ' ಎಂಬ ಸಂದೇಶದ ಬಗ್ಗೆ ಹೇಳುತ್ತೇನೆ. ಸಿಗದೇ ಹೋದದ್ದು ನಿಮ್ಮ ಫೈಲ್ ಅಲ್ಲ, ಅದನ್ನು ಮೆಮೊರಿಗೆ ಏರಿಸಬೇಕಾದ ಲೋಡರ್. ಉಬುಂಟುವಿನಂತಹ ವಿತರಣೆಗಳಿಗಾಗಿ ತಯಾರಾದ ಪ್ರೋಗ್ರಾಂಗಳು ಜಿಲಿಬ್‌ಸಿ ಎಂಬ ಸಿ ಲೈಬ್ರರಿಯನ್ನೂ ಅದರ ಲೋಡರನ್ನೂ ನಿರೀಕ್ಷಿಸುತ್ತವೆ. ಆಲ್ಪೈನ್ ಬಳಸುವುದು ಮಸಲ್ ಎಂಬ ಬೇರೆಯೇ ಲೈಬ್ರರಿಯನ್ನು, ಅದರ ಲೋಡರ್‌ನ ಹೆಸರೂ ಬೇರೆ. ಕರ್ನಲ್ ಕೊಟ್ಟ 'ಇಲ್ಲ' ಎಂಬ ಉತ್ತರವನ್ನು ಶೆಲ್ ನಿಮ್ಮ ಫೈಲಿನ ಹೆಸರಿಗೆ ಅಂಟಿಸಿ ಹೇಳುವುದರಿಂದ ಗೊಂದಲವಾಗುತ್ತದೆ.

ಹಾಗಾಗಿ ಮೊದಲು ಅದೇ ಪ್ರೋಗ್ರಾಂ ಆಲ್ಪೈನ್ ಪ್ಯಾಕೇಜ್ ಆಗಿ ಇದೆಯೇ ನೋಡಿ. ಕಮಾಂಡ್‌ನ ಹೆಸರಷ್ಟೇ ಗೊತ್ತಿದ್ದರೂ ಸಾಕು: 'ಎಪಿಕೆ ಸರ್ಚ್ ಸಿಎಂಡಿ:ಡಿಗ್' ಎಂದು ಕೊಟ್ಟರೆ 'ಡಿಗ್' ಕಮಾಂಡ್ ಇರುವುದು ಬೈಂಡ್-ಟೂಲ್ಸ್ ಪ್ಯಾಕೇಜ್‌ನಲ್ಲಿ ಎಂದು ತಿಳಿಯುತ್ತದೆ. ಹಾಗೂ ಸಿಗದಿದ್ದರೆ, ಜಿಲಿಬ್‌ಸಿಗಾಗಿ ತಯಾರಾದವನ್ನು ಮಸಲ್ ಮೇಲೆ ಓಡಿಸಲು ನೆರವಾಗುವ 'ಜಿಕಾಂಪ್ಯಾಟ್' ಪ್ಯಾಕೇಜ್ ಹಾಕಿ ನೋಡಿ. ಸರಳ ಪ್ರೋಗ್ರಾಂಗಳು ಅದರಿಂದ ಓಡುವುದುಂಟು, ಆದರೆ ಎಲ್ಲವೂ ಓಡುತ್ತವೆ ಎಂದು ನಂಬಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಹ್ಯಾಷ್ ಅಳಿಸಿದೊಡನೆ ಎಫ್‌ಎಫ್‌ಎಂಪೆಗ್ ಬಂತು, ಫೈಲ್‌ಗಳನ್ನು ಬದಲಿಸಿಯೂ ಆಯಿತು. ಆದರೆ ಇಂದು ಬೆಳಿಗ್ಗೆ ಯಂತ್ರ ಹೊತ್ತಿಸಿದರೆ ಎಫ್‌ಎಫ್‌ಎಂಪೆಗ್ ಇಲ್ಲ, ರೆಪೊಸಿಟರೀಸ್ ಫೈಲಿನಲ್ಲಿ ಹ್ಯಾಷ್ ಮರಳಿ ಬಂದಿದೆ! ಸೆಟಪ್ ಸಮಯದಲ್ಲಿ ಯಾವ ಡಿಸ್ಕ್ ಎಂಬ ಪ್ರಶ್ನೆಗೆ, ಹಳೆಯ ಫೈಲ್‌ಗಳು ಅಳಿಸಿಹೋದಾವೆಂಬ ಭಯದಿಂದ, 'ನನ್' (ಯಾವುದೂ ಬೇಡ) ಎಂದು ಉತ್ತರಿಸಿದ್ದೆ. ಅದೇ ಕಾರಣವೇ?

ಉತ್ತರ 3

ಹೌದು, ಅದೇ ಕಾರಣ. ಡಿಸ್ಕ್ ಬೇಡವೆಂದರೆ ಆಲ್ಪೈನ್ ಸಂಪೂರ್ಣವಾಗಿ ರ‍್ಯಾಮ್‌ನಲ್ಲೇ ನಡೆಯುತ್ತದೆ, ಯಂತ್ರ ಆರಿದೊಡನೆ ಎಲ್ಲವೂ ಹೋಗುತ್ತದೆ. ಇದನ್ನು ಡಿಸ್ಕ್‌ಲೆಸ್ ವಿಧಾನ ಎನ್ನುತ್ತಾರೆ.

ಈ ವಿಧಾನದಲ್ಲೇ ಉಳಿಯುವುದಾದರೆ 'ಎಲ್‌ಬಿಯು ಕಮಿಟ್' ಎಂಬ ಕಮಾಂಡ್ ಇದೆ. ಅದು ಇಟಿಸಿ ಡೈರೆಕ್ಟರಿಯಲ್ಲಿ ಆದ ಬದಲಾವಣೆಗಳನ್ನು ಒಂದು ಸಂಕುಚಿತ ಫೈಲಾಗಿ ಪೆನ್ ಡ್ರೈವ್‌ನಲ್ಲಿ ಇಡುತ್ತದೆ. ಮೇಲೆ ವಿವರಿಸಿದ ವರ್ಲ್ಡ್ ಪಟ್ಟಿ ಇರುವುದೂ ಇಟಿಸಿಯ ಒಳಗೇ, ಆದ್ದರಿಂದ ಮುಂದಿನ ಬಾರಿ ಆರಂಭವಾಗುವಾಗ ಎಪಿಕೆ ಆ ಪಟ್ಟಿಯನ್ನು ಓದಿ ಪ್ಯಾಕೇಜ್‌ಗಳನ್ನು ಮತ್ತೆ ಹಾಕಿಕೊಳ್ಳುತ್ತದೆ. ಆ ಹೊತ್ತಿಗೆ ಪ್ಯಾಕೇಜ್‌ಗಳು ಕೈಗೆ ಸಿಗುವಂತಿರಬೇಕು. ಅದಕ್ಕೆ 'ಸೆಟಪ್-ಎಪಿಕೆಕ್ಯಾಶ್' ಓಡಿಸಿ ಪೆನ್ ಡ್ರೈವ್‌ನಲ್ಲೇ ಕ್ಯಾಶ್ ಮಾಡಿಕೊಳ್ಳಿ. ಐಎಸ್‌ಒ ಚಿತ್ರಿಕೆಯನ್ನು ಪೆನ್ ಡ್ರೈವ್‌ಗೆ ನೇರವಾಗಿ ಬರೆದಿದ್ದರೆ ಆ ಭಾಗದಲ್ಲಿ ಏನನ್ನೂ ಉಳಿಸಲಾಗದು, ಬರೆಯಬಲ್ಲ ಬೇರೆ ಪಾರ್ಟಿಷನ್ ಬೇಕಾಗುತ್ತದೆ. ಹೋಮ್ ಡೈರೆಕ್ಟರಿಯೂ ತಾನಾಗಿ ಉಳಿಯುವುದಿಲ್ಲ, 'ಎಲ್‌ಬಿಯು ಇನ್‌ಕ್ಲೂಡ್' ಮೂಲಕ ಅದನ್ನು ಸೇರಿಸಬೇಕು. ಬದಲಿಸಿದ ಧ್ವನಿಮುದ್ರಿಕೆಗಳನ್ನು ಅಲ್ಲೇ ಇಟ್ಟಿದ್ದರೆ ಅವೂ ಹೋಗಿರುತ್ತವೆ. ಮೂಲ ಫೈಲ್‌ಗಳು ಬೇರೆಡೆ ಇವೆಯೆಂದು ಆಶಿಸುತ್ತೇನೆ.

ಆದರೆ ನಿಮ್ಮ ಯಂತ್ರಕ್ಕೆ ನಾನು ಇದನ್ನು ಸೂಚಿಸಲಾರೆ. ಡಿಸ್ಕ್‌ಲೆಸ್ ವಿಧಾನದಲ್ಲಿ ಹಾಕಿದ ಪ್ರತಿ ಪ್ಯಾಕೇಜ್ ಕೂಡ ರ‍್ಯಾಮ್‌ನ ಜಾಗವನ್ನೇ ತಿನ್ನುತ್ತದೆ, ನಿಮ್ಮಲ್ಲಿರುವುದು 1 ಜಿಬಿ ಮಾತ್ರ. ಹಳೆಯ ಫೈಲ್‌ಗಳನ್ನು ಬೇರೆ ಡ್ರೈವ್‌ಗೆ ನಕಲು ಮಾಡಿ, ತೆರೆದು ಪರೀಕ್ಷಿಸಿ, ಆಮೇಲೆ 'ಸೆಟಪ್-ಆಲ್ಪೈನ್' ಮತ್ತೆ ಓಡಿಸಿ ಡಿಸ್ಕ್ ಆರಿಸಿ, ಡಿಸ್ಕ್‌ನಲ್ಲೇ ಪೂರ್ತಿ ಇನ್‌ಸ್ಟಾಲ್ ಮಾಡುವ 'ಸಿಸ್' ವಿಧಾನ ಕೊಡಿ. ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ನಕಲು ಸರಿಯಾಗಿದೆಯೆಂದು ಖಚಿತವಾಗುವವರೆಗೆ ಆ ಪ್ರಶ್ನೆಗೆ 'ವೈ' ಒತ್ತಬೇಡಿ.