ಅಪ್‌ಡೇಟ್: ಅಮ್ಮ ಹೋದ ಮೇಲೆ ಪ್ರಾರ್ಥನೆಯೇ ಬರ್ತಿಲ್ಲ ಅಂದಿದ್ದೆ

ಹನ್ನೆರಡು ದಿನದ ಹಿಂದೆ ಕೇಳಿದ್ದೆ: ಅಮ್ಮ ತೀರಿಕೊಂಡ ಮೇಲೆ ಮೊಣಕಾಲೂರಿದರೆ ಬಾಯಿಂದ ಒಂದು ಮಾತೂ ಹೊರಡಲ್ಲ, ಏನು ಮಾಡಲಿ ಅಂತ. ಉತ್ತರ ಬರೆದ ಎಲ್ಲರಿಗೂ ಮನಸಾರೆ ವಂದನೆ.

ಕೈಹಿಡಿದಿದ್ದು "ನಿಮ್ಮ ಮಾತು ಬರದಿದ್ದರೆ ಬಿಡಿ, ಬೈಬಲ್ಲಿನ ಕೀರ್ತನೆಗಳನ್ನೇ ಗಟ್ಟಿಯಾಗಿ ಓದಿ" ಅಂದವರ ಸಲಹೆ. 13ನೇ ಕೀರ್ತನೆ ತೆಗೆದೆ. ಇರೋದು ಆರೇ ವಚನ. ಮೊದಲ ಎರಡರಲ್ಲೇ "ಇನ್ನೆಷ್ಟು ಕಾಲ" ಅನ್ನೋ ಪ್ರಶ್ನೆ ನಾಲ್ಕು ಸಲ ಬರುತ್ತೆ. ಮೂರನೇ ಸಲಕ್ಕೆ ನನ್ನ ಗಂಟಲು ಕಟ್ಟಿತು. ಅದು ಅಮ್ಮನ ಬೈಬಲ್ಲು. ಪುಟದ ಮೇಲೆ ಬಿದ್ದ ಕಣ್ಣೀರು ಒರೆಸೋಕೆ ಹೋದರೆ, ಅವಳು ಪೆನ್ಸಿಲಲ್ಲಿ ಎಳೆದಿದ್ದ ಗೆರೆ ಬೆರಳಿಗೆ ಅಂಟಿತು. ಮಣ್ಣು ಮಾಡಿ ಬಂದ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಅಳು ಅವತ್ತು ಹೊರಗೆ ಬಂತು.

ಉಳಿದ ಸಲಹೆಗಳಲ್ಲಿ, ದಿನಾ ಕೃತಜ್ಞತೆಯ ಪಟ್ಟಿ ಬರೆಯೋದು ನನಗೆ ಆಗಲಿಲ್ಲ, ಬರೆದದ್ದೆಲ್ಲ ಸುಳ್ಳು ಅನಿಸ್ತಿತ್ತು. ಉಪವಾಸ ಎರಡೇ ದಿನಕ್ಕೆ ಬಿಟ್ಟೆ. ದುಃಖದಲ್ಲಿ ಮೊದಲೇ ಸೊರಗಿದ ಮೈಗೆ ಅದು ಬೇಡ ಅಂತಲೇ ಹೇಳ್ತೀನಿ.

ಗೊತ್ತೇ ಇರದ ಒಂದು ವಿಷಯ: 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಆದರೂ ಅದು ಪ್ರಾರ್ಥನೆಯೇ! ಬೈಬಲ್ಲಿನಲ್ಲೇ ಇರೋ ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನೂ ಮತ್ತೆ ಓದಿದೆ. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಯೇಸು ಅತ್ತ. ಇಷ್ಟು ವರ್ಷ ಆ ಸಾಲನ್ನು ದಾಟಿಕೊಂಡು ಹೋಗ್ತಿದ್ದೆ.

ನೋವು ಹಾಗೇ ಇದೆ, ಆದರೆ ಒಂಟಿ ಅನಿಸ್ತಿಲ್ಲ. ನಿನ್ನೆ ರಾತ್ರಿ ಓದಿ ಮುಗಿಸಿದ ಮೇಲೆ ನನ್ನದೇ ಒಂದು ಮಾತು ತಾನಾಗಿ ಬಂತು: "ಕರ್ತನೇ, ಅಮ್ಮ ತುಂಬ ನೆನಪಾಗ್ತಾಳೆ."