ಹಕ್ಕಿ ಸಾಕಿದ ಮನೆಯಲ್ಲಿ ಸೀನು, ಒಣಕೆಮ್ಮು: ಶ್ವಾಸಕೋಶದ ಡಾಕ್ಟರ್‌ಗೆ ಕೇಳಿದ್ದು

ಪ್ರಶ್ನೆ (ಡೊಂಬಿವಲಿಯಿಂದ): ನಮಸ್ಕಾರ ಡಾಕ್ಟ್ರೇ. ನಮ್ಮದು ಒನ್ ಬಿಎಚ್‌ಕೆ ಮನೆ. ಮಾರ್ಚ್‌ನಲ್ಲಿ ಮಗಳ ಹಠಕ್ಕೆ ಕ್ರಾಫರ್ಡ್ ಮಾರ್ಕೆಟ್‌ನಿಂದ ಒಂದು ಜೋಡಿ ಕಾಕಟೀಲ್, ಅಂದರೆ ಜುಟ್ಟಿರೋ ಸಣ್ಣ ಗಿಳಿ, ತಂದೆವು. ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಎದ್ದರೆ ಸಾಕು, ನನಗೆ ಸಾಲು ಸಾಲು ಸೀನು. ಕಣ್ಣು ತುರಿಕೆ ಬೇರೆ. ಅತ್ತೆಯವರು ಹಕ್ಕಿ ಯಾರಿಗಾದರೂ ಕೊಟ್ಟುಬಿಡು ಅಂತಾರೆ. ಮಗಳು ಅಳ್ತಾಳೆ. ಇದು ಹಕ್ಕಿಯಿಂದಲೇ ಅಂತ ಗೊತ್ತಾಗೋದು ಹೇಗೆ?

ಡಾಕ್ಟರ್: ಈಗಲೇ ಹಕ್ಕಿ ಮೇಲೆ ಗೂಬೆ ಕೂರಿಸಬೇಡಿ. ಅವು ಬಂದದ್ದು ಮಾರ್ಚ್‌ನಲ್ಲಿ, ಸೀನು ಬಂದದ್ದು ಮಳೆ ಜೊತೆ. ನಮ್ಮ ಮುಂಬೈ ಮಳೆಗೆ ಗೋಡೆ ಬೂಷ್ಟು ಹಿಡಿಯುತ್ತದೆ, ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಹೆಚ್ಚುತ್ತದೆ. ಎರಡಕ್ಕೂ ಹೀಗೇ ಸೀನು ಬರುತ್ತದೆ. ಹಾಗಂತ ಹಕ್ಕಿಯ ಮೇಲಿನ ಅನುಮಾನ ಬಿಟ್ಟುಬಿಡೋಕೂ ಆಗಲ್ಲ. ಕೆಲವರಿಗೆ ತಿಂಗಳುಗಟ್ಟಲೆ ಒಟ್ಟಿಗಿದ್ದ ಮೇಲೆ ಅಲರ್ಜಿ ಹುಟ್ಟಿಕೊಳ್ಳುತ್ತದೆ. ಗೂಡು ಎಲ್ಲಿಟ್ಟಿದ್ದೀರಿ? ಊರಿಗೆ ಹೋದಾಗ ಹೇಗಿತ್ತು? ಮನೆಯಲ್ಲಿ ಬೇರೆ ಯಾರಿಗಾದರೂ ತೊಂದರೆ ಇದೆಯಾ?

ಡೊಂಬಿವಲಿ: ಗೂಡು ಹಾಲ್‌ನಲ್ಲಿ, ಟಿವಿ ಪಕ್ಕ. ಕರಿ ಟಿವಿ ಒರೆಸಿದ ಎರಡೇ ದಿನಕ್ಕೆ ಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗಿರುತ್ತೆ. ನಾನು, ಮಗಳು ಮಲಗೋದೂ ಅಲ್ಲೇ. ಪಂಚಮಿಗೆ ಧಾರವಾಡಕ್ಕೆ ಹೋಗಿ ಹತ್ತು ದಿನ ಇದ್ದೆ. ಒಂದೂ ಸೀನಿಲ್ಲ. ವಾಪಸ್ ಬಂದು ಬಾಗಿಲು ತೆಗೆದ ಅರ್ಧ ಗಂಟೆಗೆ ಶುರು. ನಮ್ಮ ಮನೆಯವರಿಗೆ ಸೀನೇನೂ ಇಲ್ಲ. ಭಾನುವಾರ ಬೆಳಿಗ್ಗೆ ಗೂಡು ಕ್ಲೀನ್ ಮಾಡೋದೂ ಅವರೇ. ಆ ಸಂಜೆ ಮಾತ್ರ ಮೈ ಬೆಚ್ಚಗಾಗಿ, ಮೈಕೈ ನೋವು ಅಂತ ಮಲಗ್ತಾರೆ. ಮರುದಿನ ಸರಿಹೋಗುತ್ತೆ. ಈಚೆಗೆ ಒಣಕೆಮ್ಮು ಇದೆ, ಸ್ಟೇಷನ್ ಬ್ರಿಡ್ಜ್ ಹತ್ತೋವಾಗ ಏದುಸಿರು ಬರುತ್ತೆ. ವಯಸ್ಸಾಯ್ತು ಕಣೇ ಅಂತ ನಗ್ತಾರೆ. ಇನ್ನೂ ನಲವತ್ನಾಲ್ಕು.

ಡಾಕ್ಟರ್: ಅಮ್ಮಾ, ನೀವು ಕೇಳಿದ್ದು ನಿಮ್ಮ ಸೀನಿನ ಬಗ್ಗೆ. ನನಗೆ ಚಿಂತೆ ಹತ್ತಿದ್ದು ನಿಮ್ಮ ಯಜಮಾನರ ಕೆಮ್ಮಿನ ಬಗ್ಗೆ.

ಜನ ಎರಡನ್ನೂ 'ಅಲರ್ಜಿ' ಅಂತಲೇ ಕರೀತಾರೆ. ಆದರೆ ದಾರಿ ಬೇರೆ ಬೇರೆ. ನಿಮ್ಮದು ಮೂಗು, ಕಣ್ಣಿನ ಮಟ್ಟದ್ದು. ಮುಟ್ಟಿದ ಸ್ವಲ್ಪ ಹೊತ್ತಿಗೇ ಬರುತ್ತದೆ. ಕಿರಿಕಿರಿ ಹೌದು, ಆದರೆ ಹಿಡಿತಕ್ಕೆ ತರಬಹುದು. ಅವರದ್ದು, ನನ್ನ ಅನುಮಾನ ನಿಜವಾದರೆ, ಶ್ವಾಸಕೋಶದ ಒಳಗಿನದು. ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಅಂತ ಹೆಸರು. ಹಕ್ಕಿಯ ಪುಕ್ಕದ ಪುಡಿ, ಹಿಕ್ಕೆಯ ಧೂಳು ಒಳಗೆ ಹೋಗಿ ನಾಲ್ಕರಿಂದ ಎಂಟು ಗಂಟೆಯ ಮೇಲೆ ಜ್ವರ, ಕೆಮ್ಮು, ಮೈಕೈ ನೋವು. ಬೆಳಿಗ್ಗೆ ಗೂಡು, ಸಂಜೆ ಜ್ವರ: ಲೆಕ್ಕ ಸರಿಯಾಗಿ ಕೂರುತ್ತಲ್ವಾ? ವೈರಲ್ ಫೀವರ್ ಭಾನುವಾರ ನೋಡಿಕೊಂಡು ಬರಲ್ಲ.

ಇದನ್ನು ಹಾಗೇ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಿ ಕಲೆ ಕಟ್ಟಬಹುದು. ಆ ಕಲೆ ಹೋಗಲ್ಲ. ಆದ್ದರಿಂದ ಅವರು ಇವತ್ತಿನಿಂದ ಗೂಡು ಮುಟ್ಟೋದು ಬೇಡ. ಮಾಸ್ಕ್ ಹಾಕ್ಕೊಂಡು ಮಾಡ್ತೀನಿ ಅಂದರೂ ಬೇಡ. ಹಕ್ಕಿಗಳನ್ನು ಸದ್ಯಕ್ಕೆ ಬೇರೆ ಮನೆಗೆ ಕಳಿಸಿ. ಈ ವಾರವೇ ಚೆಸ್ಟ್ ಸ್ಪೆಷಲಿಸ್ಟ್‌ಗೆ ತೋರಿಸಿ. ಎಕ್ಸ್‌ರೇ ನಾರ್ಮಲ್ ಬಂತು ಅಂತ ಸುಮ್ನಾಗಬೇಡಿ, ಇದರಲ್ಲಿ ಹಾಗೆ ಬರೋದುಂಟು. ಊದುವ ಪರೀಕ್ಷೆ, ಅಂದರೆ ಪಿಎಫ್‌ಟಿ, ಮತ್ತು ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಎಚ್‌ಆರ್‌ಸಿಟಿ ಸ್ಕ್ಯಾನ್ ಬೇಕಾಗಬಹುದು. ಸ್ಟೀರಾಯ್ಡ್ ಕೊಟ್ಟರೂ ಕೊಡಬಹುದು. ಆದರೆ ದೊಡ್ಡ ಔಷಧಿ ಹಕ್ಕಿಯಿಂದ ದೂರ ಇರೋದೇ. ಕಾಯಿಲೆ ಅದೇ ಅಂತ ಆದರೆ ಹಕ್ಕಿ ಆ ಮನೆಗೆ ಮತ್ತೆ ಬರಬಾರದು. ಮಗಳಿಗೆ ಬೇಜಾರಾಗುತ್ತೆ, ಗೊತ್ತು.

ಇನ್ನು ನಿಮ್ಮದು. ಧಾರವಾಡದ ಹತ್ತು ದಿನ ಒಳ್ಳೇ ಸುಳಿವು. ಆದರೆ ಅಲ್ಲಿ ಹಕ್ಕಿಯೂ ಇರಲಿಲ್ಲ, ನಿಮ್ಮ ಹಾಸಿಗೆಯೂ ಇರಲಿಲ್ಲ. ಸ್ಕಿನ್ ಪ್ರಿಕ್ ಟೆಸ್ಟ್, ಅಂದರೆ ಚರ್ಮಕ್ಕೆ ಸಣ್ಣಗೆ ಚುಚ್ಚಿ ಯಾವುದರ ಅಲರ್ಜಿ ಅಂತ ನೋಡುವ ಪರೀಕ್ಷೆ, ಮಾಡಿಸಿ. ಸೀನಿನ ಮಾತ್ರೆ ತಗೊಳ್ತಿದ್ದರೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿಕೊಂಡು ಹೋಗಿ, ಇಲ್ಲದಿದ್ದರೆ ಟೆಸ್ಟ್ ಸುಳ್ಳು ಹೇಳುತ್ತದೆ. ಯಜಮಾನರದ್ದು ಬೇರೆ ಏನೋ ಅಂತಾಗಿ ಹಕ್ಕಿ ವಾಪಸ್ ಬಂದರೆ, ಗೂಡು ಇರುವ ಕಡೆ ಮಲಗಬೇಡಿ. ತಳದ ಪೇಪರ್‌ಗೆ ನೀರು ಚಿಮುಕಿಸಿ ಆಮೇಲೆ ಮಡಚಿ ತೆಗೆಯಿರಿ. ಪೊರಕೆ ಬೇಡ, ಒದ್ದೆ ಬಟ್ಟೆ ಸಾಕು. ಕಾಕಟೀಲ್ ಮೈಯಿಂದ ಪುಡಿ ಉದುರೋದು ಅದರ ಹುಟ್ಟುಗುಣ. ದಿನಾ ಸ್ನಾನಕ್ಕೆ ನೀರಿಟ್ಟರೆ ಒಂದಿಷ್ಟು ಕಮ್ಮಿಯಾಗುತ್ತದೆ. ಏರ್ ಪ್ಯೂರಿಫೈಯರ್ ಕೊಳ್ಳೋದಾದರೆ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರೋದು. ಓಝೋನ್ ಬಿಡುವಂಥದ್ದು ಬೇಡ.

ಥಾಣೆ ಊರಿನಿಂದ ಒಬ್ಬರು: ಸಂಜೆ ಲೋಬಾನ ಹಾಕಿದರೆ ಎಲ್ಲ ಸರಿಹೋಗುತ್ತೆ ಅಕ್ಕಾ. ಕಾಕಟೀಲ್ ಬದಲು ನಮ್ಮ ಹಸಿರು ಗಿಳಿ ಸಾಕಿ, ಪುಡಿ ಇರಲ್ಲ.

ಡಾಕ್ಟರ್: ಸರ್, ದಯವಿಟ್ಟು ಹೊಗೆ ಬೇಡ. ಉಬ್ಬಸ ಇರುವವರಿಗೂ ಕೆಟ್ಟದು, ಹಕ್ಕಿಗೂ ಕೆಟ್ಟದು. ಖಾಲಿ ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಅದರ ಹೊಗೆಗೇ ಹಕ್ಕಿ ಸಾಯುತ್ತದೆ. ನಮ್ಮ ದೇಶದ ಹಸಿರು ಗಿಳಿ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಸೀನು ವಾಸಿ ಮಾಡಿಕೊಳ್ಳೋಕೆ ಹೋಗಿ ಕೇಸು ಮೈಮೇಲೆ ಎಳ್ಕೋಬೇಡಿ.

ದಾದರ್‌ನಿಂದ: ನಾವು ಹಕ್ಕಿ ಸಾಕಿಲ್ಲ. ಆದರೆ ಎಸಿ ಹಿಂದೆ ಪಾರಿವಾಳ ಮೊಟ್ಟೆ ಇಟ್ಟಿದೆ. ಭಯಪಡಬೇಕಾ?

ಡಾಕ್ಟರ್: ಪಾರಿವಾಳದಿಂದಲೂ ಇದೇ ಕಾಯಿಲೆ ಬರುತ್ತದೆ. ಎಲ್ಲರಿಗೂ ಬರಲ್ಲ, ಆದರೆ ಯಾರಿಗೆ ಬರುತ್ತೆ ಅಂತ ಮೊದಲೇ ಹೇಳೋಕಾಗಲ್ಲ. 2025ರಲ್ಲಿ ನಿಮ್ಮ ದಾದರ್ ಕಬೂತರ್‌ಖಾನಾ, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಜಾಗ, ಮುಚ್ಚಿದಾಗ ಆದ ಗಲಾಟೆಯ ಹಿಂದೆ ಇದ್ದದ್ದೂ ಇದೇ ವಿಷಯ. ಮರಿ ಹಾರಿಹೋದ ಮೇಲೆ ಜಾಗವನ್ನು ಚೆನ್ನಾಗಿ ನೆನೆಸಿ, ಎನ್95 ಮಾಸ್ಕ್ ಹಾಕಿ ತೆಗೆಸಿ, ಬಲೆ ಕಟ್ಟಿಸಿ. ಒಣಗಿದ ಹಿಕ್ಕೆ ಕೆರೆಯಲೇಬೇಡಿ.

ಡೊಂಬಿವಲಿ: ಡಾಕ್ಟ್ರೇ, ಹಕ್ಕಿಗಳು ಇವತ್ತು ಸಂಜೆ ಕಲ್ಯಾಣ್‌ನ ತಂಗಿ ಮನೆಗೆ ಹೋದವು. ಅವಳಿಗೆ ದೊಡ್ಡ ಗ್ಯಾಲರಿ ಇದೆ. ಮಗಳು ಜೊತೆಗೆ ಹೋಗಿ ಗೂಡು ಎಲ್ಲಿಡಬೇಕು ಅಂತ ಹೇಳಿಕೊಟ್ಟು ಬಂದಳು. ಇವರಿಗೆ ಗುರುವಾರದ ಅಪಾಯಿಂಟ್‌ಮೆಂಟ್ ಸಿಕ್ಕಿದೆ.

ಡಾಕ್ಟರ್: ಒಳ್ಳೇದಾಯ್ತು. ಫ್ಯಾನ್ ರೆಕ್ಕೆ, ಪರದೆ, ಸೋಫಾ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಕ್ಕಿ ಹೋದರೂ ಅದರ ಧೂಳು ತಿಂಗಳುಗಟ್ಟಲೆ ಮನೆಯಲ್ಲಿರುತ್ತದೆ. ಒರೆಸುವಾಗ ಯಜಮಾನರು ಮನೆಯಲ್ಲಿರಬಾರದು, ನೀವು ಮಾಸ್ಕ್ ಹಾಕ್ಕೊಳ್ಳಿ. ಗುರುವಾರ ಅವರ ಜೊತೆ ನೀವೂ ಹೋಗಿ. ಗಂಡಸರು ಒಳಗೆ ಹೋಗಿ 'ಸ್ವಲ್ಪ ಕೆಮ್ಮು, ಅಷ್ಟೇ' ಅಂತ ಹೇಳಿ ಎದ್ದು ಬರ್ತಾರೆ. ಭಾನುವಾರದ ಜ್ವರದ ತಾರೀಖುಗಳನ್ನು ಬರೆದುಕೊಂಡು ಹೋಗಿ. ಅಲ್ಲಿನ ಡಾಕ್ಟರ್ ಕೇಳದಿದ್ದರೂ, ಮನೆಯಲ್ಲಿ ಹಕ್ಕಿ ಇತ್ತು ಅನ್ನೋದನ್ನ ಮೊದಲು ಹೇಳಿ.