ಅಪ್‌ಡೇಟ್: ಉಪವಾಸದ ಹೊತ್ತಲ್ಲಿ ಶುಂಠಿ ಕ್ಯಾಪ್ಸೂಲ್

ನಾನು ಕೇಳಿದ್ದು ಇಷ್ಟು: ಮುದ್ದೆ, ಅನ್ನ ಬಿಟ್ಟು 16 ಗಂಟೆ ಉಪವಾಸ ಇರುವಾಗ 500 ಮಿಲಿಗ್ರಾಂ ಶುಂಠಿ ಕ್ಯಾಪ್ಸೂಲ್ ಖಾಲಿ ಹೊಟ್ಟೆಗೆ ನುಂಗಬಹುದೇ?

ಉಪವಾಸವೇನೂ ಮುರಿಯಲ್ಲ, ಅರ್ಧ ಗ್ರಾಂ ಪುಡಿಯಲ್ಲಿ ಇರೋದು 2 ಕ್ಯಾಲೊರಿಯಷ್ಟೇ. ತೊಂದರೆ ಅಂದ್ರೆ ಖಾಲಿ ಹೊಟ್ಟೆಗೆ ತಗೊಂಡರೆ ಎದೆಯುರಿ ಬರಬಹುದು. ಅದಕ್ಕೆ ಕ್ಯಾಪ್ಸೂಲನ್ನು ಮೊದಲ ಊಟದ ಜೊತೆಗೆ ತಗೊಳ್ಳೋದೇ ಸರಿ. ಉಪವಾಸದ ಹೊತ್ತಿಗೆ ಕಷಾಯ ಸಾಕು: ಹಾಸನದ ಸಂತೆಯ ಹಸಿ ಶುಂಠಿ 5 ಗ್ರಾಂ (ಹೆಬ್ಬೆರಳ ತುದಿಯಷ್ಟು) ತೆಳ್ಳಗೆ ಹೆಚ್ಚಿ, ಒಂದೂವರೆ ಲೋಟ ನೀರಲ್ಲಿ 10 ನಿಮಿಷ ಕುದಿಸಿ ಸೋಸಿ. ಬೆಲ್ಲ ಬೇಡ, ಚಿಟಿಕೆ ಉಪ್ಪು ಇರಲಿ. ಕಾರ್ಬ್ (ಅನ್ನ, ಮುದ್ದೆಯಲ್ಲಿರೋ ಪಿಷ್ಟ, ಸಕ್ಕರೆ) ಇಳಿದಾಗ ಮೂತ್ರದಲ್ಲಿ ಸೋಡಿಯಂ ಹೆಚ್ಚು ಹೋಗುತ್ತೆ, ಶುರುವಿನ ತಲೆನೋವು, ತಲೆಸುತ್ತಿಗೆ ಇದೂ ಒಂದು ಕಾರಣ. ಬಿಪಿ, ಕಿಡ್ನಿ ತೊಂದರೆ ಇದ್ದವರು ಉಪ್ಪಿನ ಬಗ್ಗೆ ವೈದ್ಯರನ್ನೇ ಕೇಳಿ.

ನಿಜವಾದ ಅಪಾಯ ಶುಗರ್ ಮಾತ್ರೆಯದು, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಹಳೇ ಡೋಸಲ್ಲೇ ಇಟ್ಟು ಉಪವಾಸ ಕೂತರೆ ಶುಗರ್ 70 mg/dLಗಿಂತ ಕೆಳಗೆ ಬೀಳಬಹುದು. ಡಾಪಾಗ್ಲಿಫ್ಲೋಜಿನ್ ಥರದ (ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ) ಶುಗರ್ ಮಾತ್ರೆಯಲ್ಲಂತೂ ಮೀಟರ್ ನಾರ್ಮಲ್ ತೋರಿಸುತ್ತಿದ್ದರೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಅಪಾಯದ ಮಟ್ಟಕ್ಕೆ ಏರೋದು) ಆಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತಗೊಳ್ಳುವವರು ವೈದ್ಯರನ್ನು ಕೇಳದೆ ಶುಂಠಿ ಕ್ಯಾಪ್ಸೂಲ್ ಮುಟ್ಟಬೇಡಿ, ರಕ್ತಸ್ರಾವದ ಭಯ ಇದೆ.